ಐದನೇ ಸುತ್ತು

ಗಂಗೊಂಡನಹಳ್ಳಿ, ಮಸೀದಿ ಹಿಂದಿನ ಅಡ್ಡರಸ್ತೆ,
ಮನೆ ಸಂಖ್ಯೆ ನಾನೂರ ಹದಿನೇಳು.
ಸಂಖ್ಯೆ ನಮ್ಮದು. ಬಾಗಿಲ ಮೇಲಿರುವುದು
ಕರೆಂಟಿನವರು ಗೀಚಿ ಹೋದ ಬೇರೆಯೇ ಅಂಕಿ.
ಹನ್ನೆರಡು ವರ್ಷದಲ್ಲಿ ಇದು ಐದನೇ ಸಲ
ಅವೇ ಪ್ರಶ್ನೆ ಹೊತ್ತು ಬಂದಿದ್ದೇನೆ.
ಕಾಗದ ಹೋಗಿ ಟ್ಯಾಬ್ ಬಂತು, ನನ್ನ ಮಂಡಿ ಸವೆಯಿತು,
ಖಮರುನ್ನಿಸಾ ಅಲ್ಲೇ ಕೂತಿದ್ದಾರೆ
ಒಂದು ಕಾಲು ಮಡಿಸಿ, ಒಂದು ಕಾಲು ಚಾಚಿ,
ಹಲಗೆಯ ಮೇಲೆ ಬತ್ತಿ ಹೊಸೆಯುತ್ತ.

ಕಪ್ಪು ಹಿಟ್ಟು, ಬಿದಿರು ಕಡ್ಡಿ, ಅಂಗೈಯ ಒಂದೇ ತಳ್ಳು.
ಕಚ್ಚಾ ಬತ್ತಿಗೆ ಘಮ ಇರುವುದಿಲ್ಲ.
ಮಲ್ಲಿಗೆ, ಗಂಧ, ಗುಲಾಬಿ ಎಲ್ಲ ಆಮೇಲೆ,
ಬೇರೆ ಯಾವುದೋ ಶೆಡ್ಡಿನಲ್ಲಿ, ಬೇರೆ ಯಾರದೋ ಲೆಕ್ಕದಲ್ಲಿ.
ಇಲ್ಲಿ ಬರೀ ಇದ್ದಿಲು.
ಸಾವಿರಕ್ಕೆ ಇಷ್ಟು ಎಂದು ಕೂಲಿ,
ಮುರಿದದ್ದು ಲೆಕ್ಕಕ್ಕಿಲ್ಲ.

"ಕಳೆದ ಮೂವತ್ತು ದಿನದಲ್ಲಿ ಯಾವತ್ತಾದರೂ
ಊಟ ಬಿಟ್ಟಿದ್ದೀರಾ?"
"ಬಿಡೋದು ಅಂದ್ರೆ ಹೆಂಗೆ ಮೇಡಂ,
ಇದ್ದು ಬಿಡೋದಾ, ಇಲ್ದೆ ಬಿಡೋದಾ?
ರೋಜಾದ್ದು ಬೇರೆ ಲೆಕ್ಕ."
ಎರಡು ಒತ್ತಿದೆ. ಅಳಿಸಿ ಮೂರು ಒತ್ತಿದೆ.

ಮೂರನೇ ಸುತ್ತಿನಲ್ಲಿ ಈ ಮನೆಯಲ್ಲಿ ಫ್ರಿಜ್ ಇತ್ತು,
ಒಳಗೆ ನೀರಿನ ಬಾಟಲಿ, ಅತ್ತೆಯ ಇನ್ಸುಲಿನ್.
ನಮ್ಮ ಆಫೀಸಿನ ಚಿತ್ರಪಟದಲ್ಲಿ ಒಂದು ಚುಕ್ಕಿ
ಗೆರೆ ದಾಟಿ ಮೇಲೆ ಬಂದಿತ್ತು.
ದೊಡ್ಡ ಹೋಟೆಲಿನಲ್ಲಿ, ಹೊರದೇಶದವರ ಮುಂದೆ
ಅದನ್ನು ಕೆಂಪು ಬೆಳಕು ಬಿಟ್ಟು ತೋರಿಸಿದರು.
ಹಿಂದಿನ ಸಾಲಿನಲ್ಲಿ ನಿಂತು
ಅದು ನಮ್ಮ ಖಮರಕ್ಕ ಅಂದುಕೊಂಡೆ,
ನಾಲ್ಕು ಬಿಸ್ಕತ್ತು ಕರ್ಚೀಫಿನಲ್ಲಿ ಕಟ್ಟಿಕೊಂಡೆ.

ಆ ಸೆಪ್ಟೆಂಬರಿನ ಒಂದು ರಾತ್ರಿ ವೃಷಭಾವತಿ ಒಳಗೆ ಬಂತು.
ಇಪ್ಪತ್ತು ಸಾವಿರ ಬತ್ತಿ
ಬೆಳಗಾಗುವಷ್ಟರಲ್ಲಿ ಮತ್ತೆ ಹಿಟ್ಟಾಯಿತು.
ಕಂಪನಿಯವನು ಸಾಮಾನಿನ ದುಡ್ಡು ಮುರಿದುಕೊಂಡ.
ಕೆಸರಿನೊಳಗಿನ ಗಾಜು ತುಳಿದು
ಗಂಡನ ಎರಡು ಬೆರಳು ತೆಗೆಸಬೇಕಾಯಿತು.
ಮೀಟರ್ ಬಡ್ಡಿ. ಫ್ರಿಜ್ ಹೋಯಿತು, ಓಲೆ ಹೋಯಿತು,
ನಗ್ಮಾ ಎಂಟನೇ ಕ್ಲಾಸು ಬಿಟ್ಟು ಹಲಗೆಗೆ ಕೂತಳು.
ನಾಲ್ಕನೇ ಸುತ್ತು: ಚುಕ್ಕಿ ಕೆಳಗೆ.
ಬೆಳಕು ಬಿಟ್ಟು ಯಾರೂ ತೋರಿಸಲಿಲ್ಲ.

"ಒಪ್ಪಿಗೆಗೆ ಹೆಬ್ಬೆಟ್ಟು ಇಡಿ."
ಟ್ಯಾಬ್ ಓದಲಿಲ್ಲ. ಇನ್ನೊಮ್ಮೆ. ಒರೆಸಿ ಇನ್ನೊಮ್ಮೆ.
ಉರುಳಿಸಿ ಉರುಳಿಸಿ ಬೆರಳಿನ ಗೆರೆಯೇ ಅಳಿದಿದೆ.
ರೇಷನ್ ಅಂಗಡಿಯಲ್ಲೂ ಹೀಗೇ ಅಂತೆ.
"ನಾನಿದ್ದೀನಿ ಅಂತ ಮಷಿನ್ನಿಗೆ ನಂಬ್ಕೆ ಇಲ್ಲ"
ಎಂದು ನಕ್ಕರು. ನಾನು ಗಡಿಯಾರ ನೋಡಿದೆ.
ನನಗೂ ತುಂಬಿದ ಫಾರ್ಮಿಗೆ ಇಷ್ಟು ಎಂದು ಕೂಲಿ,
ಅರ್ಧ ತುಂಬಿದ್ದು ಲೆಕ್ಕಕ್ಕಿಲ್ಲ.
ಹೇಳಲಿಲ್ಲ.

"ಅದೇನೋ ಗೆರೆ ಅಂತೀರಲ್ಲ, ಬಡವರದ್ದು,
ಎಷ್ಟು ಎತ್ತರ ಇರುತ್ತೆ?"
ದಿನಕ್ಕೆ, ತಲೆಗೆ, ಇಷ್ಟು ರೂಪಾಯಿ ಎಂದು ಶುರು ಮಾಡಿದೆ.
ಅವರು ಎದ್ದು, ಕೈ ಸೆರಗಿಗೆ ಒರೆಸಿ,
ಗೋಡೆಯ ಮೇಲೆ ಉದ್ದಕ್ಕೂ ಬೆರಳೆಳೆದರು.
ಮಂಡಿಯಿಂದ ಒಂದು ಗೇಣು ಮೇಲೆ
ಕೊಳೆನೀರು ನಿಂತು ಹೋದ ಕಂದು ಪಟ್ಟಿ.
"ನಮ್ದು ಇದು."
ಅದರ ಮೇಲೆ ಹೊಸ ಹಲಗೆ. ಹಲಗೆಯ ಮೇಲೆ
ಕಾರ್ಡುಗಳು, ಮಾತ್ರೆ ಡಬ್ಬಿ,
ಪ್ಲಾಸ್ಟಿಕ್ ಕವರಿನಲ್ಲಿ ನಗ್ಮಾಳ ಹಾಲ್ ಟಿಕೆಟ್ಟು:
ಹತ್ತನೇ ಕ್ಲಾಸು, ಖಾಸಗಿಯಾಗಿ.
ಓಣಿಯ ಹನ್ನೊಂದು ಮನೆ ಸೇರಿ ಚೀಟಿ ಕಟ್ಟಿದ್ದಾರೆ,
ಬರೀ ಆಸ್ಪತ್ರೆಗೆ, ಬರೀ ಫೀಸಿಗೆ, ಮದುವೆಗೆ ಕೊಡೋಲ್ಲ.
ಹೋದ ವರ್ಷ ಎಲ್ಲರೂ ನಾಲ್ಕು ದಿನ ಕೈ ಕಟ್ಟಿ ಕೂತು
ಸಾವಿರಕ್ಕೆ ಎರಡು ರೂಪಾಯಿ ಜಾಸ್ತಿ ಕೇಳಿದರಂತೆ.
ಒಂದು ಸಿಕ್ಕಿತು.

ಹೊರಡುವಾಗ ಎಡವಿದೆ.
ಹೊಸ್ತಿಲು ಹೋದ ಸಲಕ್ಕಿಂತ ಮೂರು ಇಟ್ಟಿಗೆ ಎತ್ತರ.
"ಕಾಲೆತ್ತಿ ಇಡಿ ಮೇಡಂ,
ಮಳೆ ಹಿಡಿಯೋದ್ರೊಳಗೆ ಇನ್ನೊಂದು ಸಾಲು ಹಾಕ್ಬೇಕು."
ನಾಯಂಡಹಳ್ಳಿ ಕಡೆ ಆಗಲೇ ಮೋಡ.
ನಾನೂರ ಹದಿನೆಂಟರ ಕದ ತಟ್ಟಿದೆ.